ಅಮ್ಮಿಯ ಬೆರಳಿಗೆ ಸೊನ್ನೆ

ನಿಪ್ಪಾಣಿ
೧೧ ಜನವರಿ ೨೦೨೪

ಉಜ್ವಲಾ,

ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತುವುದಿಲ್ಲ. ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ. ನಮ್ಮ ಹುಸೇನಭಾಯಿಯ ಫೋನಿಗೂ ಮಾಡಬೇಡ. ಫೋನಿನಲ್ಲಾದರೆ ನೀನು ‘ಸಾನಿಯಾ, ಕೇಳ ಇಲ್ಲೆ’ ಎಂದು ಶುರು ಮಾಡುತ್ತೀ, ನಾನು ಅತ್ತುಬಿಡುತ್ತೇನೆ, ಅಲ್ಲಿಗೆ ನನ್ನ ಮಾತು ಮುಗಿಯುತ್ತದೆ. ಚಿಕ್ಕೋಡಿ ಕಾಲೇಜಿನಿಂದಲೂ ಅದೇ ಹಾಡು. ಕಾಗದವಾದರೆ ನೀನು ಕೊನೆಯವರೆಗೆ ಬಾಯಿ ಮುಚ್ಚಿಕೊಂಡು ಕೇಳಲೇಬೇಕು.

ಆಪರೇಶನ್ನಿನ ಯಾದಿ ಬಂತು. ಅಮ್ಮಿಯ ಹೆಸರಿಲ್ಲ.

ಪಾರ್ಕಿನ್ಸನ್ ಕಾಯಿಲೆಯವರಿಗೆ ತಲೆಯೊಳಗೆ ಸಣ್ಣ ತಂತಿ ಇಡುವ ಆಪರೇಶನ್ ಇದೆ, ಟ್ರಸ್ಟಿನವರು ಪುಕ್ಕಟೆ ಮಾಡಿಸುತ್ತಾರೆ, ಕಾಯಿಲೆ ಜೋರಾದವರಿಗೆ ಮೊದಲು ಕೊಡುತ್ತಾರೆ ಎಂದು ಹೇಳಿ ಆಸೆ ಹಚ್ಚಿದವಳು ನೀನು. ಕಾಯಿಲೆ ಎಷ್ಟು ಜೋರಾಗಿದೆ ಎಂದು ಅಳೆದವಳೂ ನೀನೇ. ಅಮ್ಮಿಗೆ ಅಂಕ ಸಾಲದಂತೆ. ನನ್ನ ಶಾಲೆಯಲ್ಲಿ ಅಂಕ ಕಡಿಮೆ ಬಿದ್ದ ಮಕ್ಕಳನ್ನು ಮರಳಿ ಕೂರಿಸಿ ಕಲಿಸುತ್ತೇವೆ. ನೀವು ಮನೆಗೆ ಕಳಿಸುತ್ತೀರಿ.

ನಿಪ್ಪಾಣಿಯ ಶಿಬಿರದಲ್ಲಿ ನಾನು ನಿನ್ನ ಬೆನ್ನಿಗೇ ನಿಂತಿದ್ದೆ. ನೀನು ಅಮ್ಮಿಯನ್ನು ಚಿಕ್ಕಮ್ಮನಂತೆ ‘ಖಾಲಾ’ ಎಂದು ಕರೆದು ಕೇಳಿದ್ದು, ಬರೆದದ್ದು ಎಲ್ಲ ಕಣ್ಣಾರೆ ನೋಡಿದ್ದೇನೆ.

‘ಖಾಲಾ, ನಿಮ್ಮ ಹವ್ಯಾಸಕ್ಕ ಏನರ ತ್ರಾಸ ಆಗಾಕತ್ತೈತೇನ್ರಿ?’

‘ಹವ್ಯಾಸ ಅಂದ್ರೇನ ಬೇಟಾ?’

‘ಖುಷಿಗೆ ಅಂತ ಮಾಡೂದ್ರಿ.’

‘ಅಂಥಾದ್ದು ಏನೂ ಇಲ್ಲ ತಗೊ.’

ತೊಂದರೆ ಇಲ್ಲ ಎಂದು ನೀನು ಸೊನ್ನೆ ಬರೆದೆ. ಬರವಣಿಗೆಗೆ ತೊಂದರೆಯೇ ಎಂದು ಕೇಳಿದೆ. ಅಮ್ಮಿ ಹುಟ್ಟಿದಂದಿನಿಂದ ಪೆನ್ನು ಹಿಡಿದಿಲ್ಲ, ತೊಂದರೆ ಎಲ್ಲಿಂದ ಬರಬೇಕು? ಅದಕ್ಕೂ ಸೊನ್ನೆ. ಮುಖಭಾವ ನೋಡಿದೆ. ಗಂಡಸು ಡಾಕ್ಟರ್ ಇದ್ದಾರೆಂದು ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತ ಕೂತಿದ್ದಳು. ನಿನಗೆ ಅದು ಮರ್ಯಾದೆಯ ಹಾಗೆ ಕಂಡಿತು, ಅಲ್ಲೂ ಸೊನ್ನೆ. ಧ್ವನಿ ಕ್ಷೀಣಿಸಿದೆ ಎಂದು ನಾನು ಬಾಯಿ ಹಾಕಿದರೆ ನಿಮ್ಮ ದೊಡ್ಡ ಡಾಕ್ಟರು ನಕ್ಕು, ‘ಹೆಣ್ಮಕ್ಕಳ ದನಿ ಸಣ್ಣದ ಇರತೈತ್ರಿ’ ಎಂದರು. ಮಿಕ್ಕ ಪ್ರಶ್ನೆಗಳಿಗೆ ಹುಸೇನಭಾಯಿ ಉತ್ತರ ಕೊಟ್ಟ. ‘ಅಮ್ಮಾಗ ಮನ್ಯಾಗ ಏನೂ ತ್ರಾಸ ಇಲ್ರಿ, ನಾವ ಅದೀವಲ್ಲ.’ ಹಿರಿಯ ಮಗ ಕೂತಲ್ಲಿ ತಾಯಿ ಬಾಯಿ ಬಿಡುವ ರೂಢಿ ನಮ್ಮ ಮನೆಯಲ್ಲಿಲ್ಲ, ದಿಗ್ಗೇವಾಡಿಯ ನಿಮ್ಮ ಮನೆಯಲ್ಲೂ ಇಲ್ಲ. ಅದು ನಿನಗೆ ಗೊತ್ತು.

ಆಮೇಲೆ ಹೆಬ್ಬೆರಳಿಗೆ ತೋರುಬೆರಳು ತಟ್ಟಿ ತೋರಿಸಲು ಹೇಳಿದೆ. ತಟ್ಟಿದಳು. ಅವು ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು, ಮಾರಾಯ್ತಿ! ಅವು ಸತ್ತ ಮೇಲೂ ತಟ್ಟಿಯಾವು. ಅದಕ್ಕೂ ಸೊನ್ನೆ.

ಅದೇ ಅಮ್ಮಿ ಮನೆಯಲ್ಲಿ ಮಲಗಿದಲ್ಲಿ ಮಗ್ಗುಲು ಬದಲಿಸಲಾರಳು. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟುತ್ತದೆ. ಹಬ್ಬದ ಮುಂಚೆ ಬಚ್ಚಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡಿದ್ದಾಳೆ. ನಮ್ಮ ಹಿಂದೆ ಕೂತಿದ್ದ ರಾಯಬಾಗದ ಆಬಾಸಾಹೇಬರ ಹೆಸರು ಯಾದಿಯಲ್ಲಿದೆ. ಅವರಿಗೆ ಇಸ್ಪೀಟು ಹಂಚಲು ಬರುತ್ತಿಲ್ಲವಂತೆ. ಅದಕ್ಕೆ ಅಂಕ ಹಾಕಿದೆ. ನಮ್ಮಮ್ಮಿ ಇಸ್ಪೀಟು ಆಡಬೇಕಿತ್ತು.

ಗೆಳತಿ ಎಂದು ಬರೆಯಲು ಕೈ ಬರುತ್ತಿಲ್ಲ,
ಸಾನಿಯಾ


ಬೆಳಗಾವಿ
೨೪ ಜನವರಿ ೨೦೨೪

ಪ್ರೀತಿಯ ಸಾನಿಯಾ,

ನಿನ್ನ ಕಾಗದವನ್ನು ಬಾಯಿ ಮುಚ್ಚಿಕೊಂಡೇ ಓದಿದೆ. ಈಗ ನನ್ನದನ್ನೂ ಓದು.

ಆ ಅಳತೆಪಟ್ಟಿಯನ್ನು ನಾನು ಹುಟ್ಟಿಸಿದ್ದಲ್ಲ. ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ನಾನು ಫಿಜಿಯೋಥೆರಪಿ ಕಲಿತು, ಅಂಕ ಹಾಕುವ ತರಬೇತಿ ಪಡೆದು, ಪರೀಕ್ಷೆ ಕೊಟ್ಟು ಈ ಕೆಲಸಕ್ಕೆ ಬಂದವಳು. ಮೊದಲ ದಿನ ಕಲಿಸುವುದೇ ಇದು: ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ನಿನಗೆ ಗೊತ್ತಿರುವುದನ್ನು ಬರೆಯಬಾರದು. ಖಾಲಾಗೆ ಕಾಯಿಲೆ ಜೋರಾಗಿದೆ ಎಂದು ನನಗೆ ಗೊತ್ತಿತ್ತು. ಆದರೆ ನನ್ನ ಕಣ್ಣಮುಂದೆ ಆ ಬೆರಳು ಎಲ್ಲೂ ತಡೆಯಲಿಲ್ಲ, ಎಲ್ಲೂ ಸಣ್ಣದಾಗಲಿಲ್ಲ. ನಮ್ಮವಳು ಎಂದು ಎರಡು ಅಂಕ ಜಾಸ್ತಿ ಹಾಕಿದ್ದರೆ ನೀನು ಖುಷಿಪಡುತ್ತಿದ್ದೆ. ಆ ಎರಡು ಅಂಕದಿಂದ ಇನ್ನೊಬ್ಬರ ತಾಯಿಯ ಹೆಸರು ಯಾದಿಯಿಂದ ಹೋಗುತ್ತಿತ್ತು. ಆಕೆಯ ಮಗಳಿಗೆ ನಾನು ಏನು ಬರೆಯಲಿ?

ಆಬಾಸಾಹೇಬರನ್ನು ಆಡಿಕೊಳ್ಳಬೇಡ. ಅವರಿಗೆ ಚಹದ ಕಪ್ಪು ಬಾಯಿಯವರೆಗೆ ಬರುವುದಿಲ್ಲ.

ಒಂದು ದಾರಿ ಇದೆ. ತಕರಾರು ಇದ್ದವರನ್ನು ಬೇರೊಬ್ಬರು ಇನ್ನೊಮ್ಮೆ ಪರೀಕ್ಷಿಸಬಹುದು. ಫೆಬ್ರುವರಿ ಹದಿನೆಂಟಕ್ಕೆ ಚಿಕ್ಕೋಡಿಯಲ್ಲಿ ಶಿಬಿರವಿದೆ. ಅಂಕ ಹಾಕುವವನು ರೂಪೇಶ, ನನ್ನ ಜೊತೆಗೇ ಕೆಲಸ ಮಾಡುತ್ತಾನೆ, ಒಳ್ಳೆಯ ಹುಡುಗ. ನಾನು ಅಲ್ಲಿರುವಂತಿಲ್ಲ. ಹುಸೇನಭಾಯಿಯನ್ನು ಮನೆಯಲ್ಲೇ ಬಿಟ್ಟು ಬಾ. ಖಾಲಾ ತಾನೇ ಮಾತಾಡಲಿ.

ಖಾಲಾಗೆ ನನ್ನ ಸಲಾಂ ಹೇಳು. ಹೇಳುತ್ತೀಯಲ್ಲ?

ನಿನ್ನ
ಉಜ್ವಲಾ


ನಿಪ್ಪಾಣಿ
೨೦ ಫೆಬ್ರುವರಿ ೨೦೨೪

ಉಜ್ವಲಾ,

ಹೋಗಿ ಬಂದೆವು. ನಿನ್ನ ಒಳ್ಳೆಯ ಹುಡುಗ ನಿನಗೆ ಹೇಳಿರುತ್ತಾನೆ. ಆದರೂ ನನ್ನ ಬಾಯಿಂದ ಕೇಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಮಾಡಿದೆ. ‘ಅಮ್ಮಿ, ಬೆರಳ ತಡದ್ರ ತಡೀಲಿ, ಬಿಡು. ಜೋರ ಮಾಡಾಕ ಹೋಗಬ್ಯಾಡ. ಆಗೂದಿಲ್ಲ ಅನ್ನು.’ ಅವಳು ಎಲ್ಲದಕ್ಕೂ ‘ಹೂಂ’ ಎಂದಳು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಮೆಟ್ಟಿಲ ಮೇಲೆ ಕಾಲು ಅಂಟಿ, ಹಿಂದಿನವರು ಬಯ್ದು, ಕಂಡಕ್ಟರ್ ಬಂದು ಎತ್ತಿ ಇಳಿಸಿದ. ಆಗಲಿ, ಇವತ್ತು ಕಾಯಿಲೆ ಹೊರಗೆ ಬಂದಿದೆ ಎಂದು ನನಗೆ ಒಳಗೊಳಗೇ ಸಮಾಧಾನ. ತಾಯಿ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡರೆ ಮಗಳು ಖುಷಿಪಡುವ ಗತಿ ತಂದಿಟ್ಟೆಯಲ್ಲ, ಥೂ!

ಒಳಗೆ ಕೂತ ಕೂಡಲೇ ಕೇಳಿದಳು, ‘ಉಜಾಲಾ ಎಲ್ಲಿ?’ ಹದಿನೈದು ವರ್ಷವಾದರೂ ನಿನ್ನ ಹೆಸರು ಅವಳ ಬಾಯಲ್ಲಿ ನೆಟ್ಟಗಾಗಿಲ್ಲ. ರೂಪೇಶ ಪಾಪ, ಗೌರವದಿಂದ ಹೇಳಿದ: ‘ಉಜ್ವಲಾ ಮೇಡಮ್ಮ ಕಳಸ್ಯಾರ್ರಿ ಅಜ್ಜಿ. ನಾ ಅವರ ಸಂಗಡಾನ ಕೆಲಸಾ ಮಾಡ್ತೀನಿ.’

ಮುಗಿಯಿತು. ಬೆನ್ನು ನೆಟ್ಟಗೆ ಮಾಡಿ ಕೂತಳು. ಅವನು ಪೆನ್ನಿನ ಟೊಪ್ಪಿಗೆ ತೆಗೆದ. ಅಮ್ಮಿಯ ಬೆರಳು ಟಪಟಪ ಶುರುವಾಯಿತು. ಹೋದ ಸಲಕ್ಕಿಂತ ಚೆನ್ನಾಗಿ! ಮುಷ್ಟಿ ಬಿಚ್ಚಿ ಮುಚ್ಚಿ ತೋರಿಸಿದಳು, ಅಂಗೈ ಹೊರಳಿಸಿ ತೋರಿಸಿದಳು. ಮನೆಯಲ್ಲಿ ಹೇಗಿದ್ದೀರಿ ಎಂದರೆ ‘ಆರಾಮ ಅದೀನ್ರಿ’ ಎಂದಳು. ನಾನು ಹಿಂದಿನಿಂದ ಅವಳ ಭುಜ ಚಿವುಟಿದೆ, ಲಕ್ಷ್ಯವಿಲ್ಲ. ‘ಭಾರೀ ಮಾಡಿದ್ರಿ ಅಜ್ಜಿ’ ಎಂದ ನಿನ್ನ ರೂಪೇಶ.

ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿಯ ಎದುರಿಗೇ ಅವಳ ಮೇಲೆ ಒದರಾಡಿದೆ. ಅವಳಿಗೆ ನನ್ನ ಸಿಟ್ಟು ತಿಳಿಯಲೇ ಇಲ್ಲ.

‘ಪೆನ್ನ ಹಿಡದಾಂವ ಮುಂದ ಕುಂತ್ರ ಕೆಟ್ಟ ಕೆಲಸ ತೋರಸಾಕ ಬರೂದಿಲ್ಲ ಬೇ ನನಗ. ಚೆಕರ್ ಮುಂದ ಯಾರರ ಬೇಕಂತ ಛಾಟ ಬೀಡಿ ಇಡ್ತಾರೇನ?’

ನಿನಗೆ ನೆನಪಿರಬೇಕು. ಕಟ್ಟಿದ ಬೀಡಿಯನ್ನು ಕಾರಖಾನೆಗೆ ಒಯ್ದರೆ ಚೆಕರ್ ಮೊರದಲ್ಲಿ ಕೈಯಾಡಿಸಿ, ಮನಸ್ಸಿಗೆ ಬಾರದವನ್ನು ಛಾಟ ಎಂದು ಬದಿಗೆ ತಳ್ಳುತ್ತಿದ್ದ. ಆ ಬೀಡಿಗೆ ಕೂಲಿಯಿಲ್ಲ. ಅಮ್ಮಿಗೆ ಜ್ವರ ಇರಲಿ, ಬಾಣಂತನ ಇರಲಿ, ಅವನ ಎದುರಿಗೆ ಬೆರಳು ನಡುಗಿದ್ದಿಲ್ಲ. ನಿನ್ನ ಪೆನ್ನಿನಲ್ಲಿ ಅವಳು ಆ ಚೆಕರನನ್ನೇ ಕಂಡಳು. ಅಷ್ಟೇ ಆಗಿದ್ದರೆ ನಾನು ಅವಳನ್ನೇ ಬಯ್ದು ಸುಮ್ಮನಾಗುತ್ತಿದ್ದೆ. ಆಮೇಲೆ ಹೇಳಿದಳು ನೋಡು:

‘ಉಜಾಲಾನ ನೌಕರಿ ಐತಿ. ಆಕಿ ಕರಕೊಂಡ ಬಂದ ಮಂದಿ ಕೆಟ್ಟ ಮಾಡಿದ್ರ ಆಕಿ ಸಾಹೇಬ್ರು ಏನಂತಾರ? ಹೊಸಾ ಹುಡಿಗಿ ಬೀಡಿ ಹಾಳ ಮಾಡಿದ್ರ ಕಲಿಸಿದಾಕಿಗೆ ಬೈತಿದ್ರು. ನಾ ಚಂದ ಮಾಡಿದ್ರ ಆಕಿ ಪಾಸ್ ಆಗ್ತಾಳ.’

ಉಜ್ವಲಾ, ಎರಡೂ ಸಲ ಅದು ನಿನ್ನ ಪರೀಕ್ಷೆ ಎಂದು ತಿಳಿದಿದ್ದಾಳೆ. ಚೆನ್ನಾಗಿ ಮಾಡಿದರೆ ಆಪರೇಶನ್ ಇಲ್ಲ, ಕೆಟ್ಟದಾಗಿ ಮಾಡಿದರೆ ಆಪರೇಶನ್ ಇದೆ ಎಂದು ಬಿಡಿಸಿ ಹೇಳಿದೆ. ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿ, ‘ಅದೆಂಥಾ ಪರೀಕ್ಷಾ ಬೇ ಅದು?’ ಎಂದಳು.

ಹಾಸ್ಟೆಲ್ ಊಟ ಸೇರದೆ ನೀನು ಶನಿವಾರ ಶನಿವಾರ ನನ್ನ ಜೊತೆ ನಿಪ್ಪಾಣಿಗೆ ಬರುತ್ತಿದ್ದೆ. ಅವಳು ಮೊರ ಬದಿಗಿಟ್ಟು, ತಂಬಾಕಿನ ವಾಸನೆ ಹೋಗಲಿ ಎಂದು ಮೂರು ಸಲ ಕೈ ತೊಳೆದು, ನಿನಗೆ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿಯ ಹಂಗಿಗೆ ಅಂಕ ಕೊಡು ಎನ್ನುತ್ತಿಲ್ಲ. ಆ ಕೈ ಎಂಥದು ಎಂದು ಗೊತ್ತಿದ್ದವಳು ಇಡೀ ಬೆಳಗಾವಿಯಲ್ಲಿ ನೀನೊಬ್ಬಳೇ ಇದ್ದೆ. ಗೊತ್ತಿರುವುದನ್ನು ಬರೆಯಬಾರದು ಎಂದು ಕಲಿತು ಬಂದಿದ್ದೀ.

ಸಲಾಂ ಹೇಳಿದ್ದೇನೆ.

ಸಾನಿಯಾ


ಬೆಳಗಾವಿ
೬ ಜೂನ್ ೨೦೨೪

ಪ್ರೀತಿಯ ಸಾನಿಯಾ,

ನಿನ್ನ ಫೆಬ್ರುವರಿಯ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಆಗಲಿಲ್ಲ.

ಶಿಬಿರದಲ್ಲಿ ದಾಖಲೆಗೆಂದು ತೆಗೆದಿಟ್ಟ, ಖಾಲಾ ಬೆರಳು ತಟ್ಟಿದ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ಹಳೆಯ ಶಿಬಿರಗಳ ಹಾಳೆಗಳನ್ನೂ ತೆಗೆದು ನೋಡಿದೆ. ಅಥಣಿಯಲ್ಲಿ ದ್ರಾಕ್ಷಿ ಗೊನೆ ಬಿಡಿಸುವ ಹೆಂಗಸರು, ಕಾಗವಾಡದ ಹೊಲಿಗೆಯವರು, ನಿಮ್ಮ ಓಣಿಯ ಬೀಡಿಯವರು, ಎಲ್ಲರದೂ ಇದೇ ಕಥೆ. ಮನೆಯವರು ‘ಬಿದ್ದಳು, ಕಾಲು ಅಂಟಿತು’ ಎಂದು ಹೇಳುತ್ತಾರೆ, ಪಟ್ಟಿಯಲ್ಲಿ ಅಂಕವಿಲ್ಲ. ನಮ್ಮ ದೊಡ್ಡ ಡಾಕ್ಟರ ಜೊತೆ ಜಗಳವಾಡಿದೆ. ಕೊನೆಗೆ ಅವರು ಒಪ್ಪಿದರು. ಈ ಸಲ ರೋಗಿಯನ್ನಲ್ಲ, ಅಳತೆಪಟ್ಟಿಯನ್ನೇ ಪರೀಕ್ಷೆ ಮಾಡುತ್ತೇವೆ. ಕೈಗೆ ಕಾಲಿಗೆ ಗಡಿಯಾರದಂಥ ಒಂದು ಯಂತ್ರ ಕಟ್ಟಿ ಒಂದು ವಾರ ಮನೆಯಲ್ಲೇ ಬಿಡುವುದು. ಅದು ಹೇಳುವ ಕಾಯಿಲೆಗೂ ನಾವು ಹಾಕಿದ ಅಂಕಕ್ಕೂ ತಾಳೆ ನೋಡುವುದು. ಒಂದೇ ಮಟ್ಟದ ಕಾಯಿಲೆ ಇರುವ ಗಂಡಸಿಗೂ ಹೆಂಗಸಿಗೂ ಪಟ್ಟಿ ಬೇರೆ ಬೇರೆ ಅಂಕ ಕೊಟ್ಟರೆ ತಪ್ಪು ಪಟ್ಟಿಯದು.

ಖಾಲಾ ಇದರಲ್ಲಿ ಇರಬೇಕು. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಇದರಿಂದ ಅವಳಿಗೆ ಕೂಡಲೇ ಆಪರೇಶನ್ ಸಿಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ.

ನಿನ್ನ
ಉಜ್ವಲಾ


ನಿಪ್ಪಾಣಿ
೧೯ ಜೂನ್ ೨೦೨೪

ಉಜ್ವಲಾ,

ನಿನ್ನ ಧೈರ್ಯಕ್ಕೆ ಮೆಚ್ಚಬೇಕು. ಕಾಯಿಲೆ ಇಲ್ಲ ಎಂದು ಸಾಬೀತು ಮಾಡಲು ಅಮ್ಮಿಯ ಬೆರಳು ಬೇಕಾಯಿತು. ಈಗ ಇದೆ ಎಂದು ಸಾಬೀತು ಮಾಡಲೂ ಅದೇ ಬೆರಳು ಬೇಕು. ಎರಡರ ನಡುವೆ ಅವಳಿಗೆ ಸಿಗುವುದೇನು? ಒಂದು ಗಡಿಯಾರ, ಅದೂ ವಾರದ ಮೇಲೆ ವಾಪಸ್ಸು.

ಆಗುವುದಿಲ್ಲ ಎಂದು ಬರೆದು, ಲಕೋಟೆಗೆ ಅಂಟು ಹಚ್ಚಿದ್ದೆ. ಅಮ್ಮಿ ಕೇಳಿದಳು, ಹೇಳಿದೆ.

‘ಉಜಾಲಾ ಬಾಯಿ ಬಿಟ್ಟ ಕೇಳ್ಯಾಳಂದ್ರ ಇಲ್ಲ ಅನಬಾರ್ದು. ಹಾಂ ಅಂತ ಬರಿ’ ಎಂದಳು. ಬರೆದಿದ್ದೇನೆ. ನೀನೇ ಬಂದು ಕಟ್ಟಬೇಕು, ಬೇರೆ ಯಾರನ್ನೂ ಕಳಿಸಬೇಡ. ನಾನು ಶಾಲೆಯಲ್ಲಿರುವ ಹೊತ್ತಿಗೆ ಬಾ.

ಸಾನಿಯಾ


ಬೆಳಗಾವಿ
೨ ಡಿಸೆಂಬರ್ ೨೦೨೪

ಪ್ರೀತಿಯ ಸಾನಿಯಾ,

ನೀನು ಶಾಲೆಯಲ್ಲಿದ್ದಾಗಲೇ ಬಂದೆ, ನೀನು ಬರುವುದರೊಳಗೆ ಹೋದೆ. ಎರಡನೆಯ ಸಲ, ಯಂತ್ರ ಬಿಚ್ಚಲು ಬಂದಾಗ, ಖಾಲಾ ನನಗೆ ಚಹ ಮಾಡುತ್ತೇನೆಂದು ಎದ್ದಳು. ಬೇಡ ಎಂದರೂ ಕೇಳಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಳು. ನಾನು ಹಿಂದೆ ನಿಂತು ನೋಡಿದೆ. ಆಚೆಗೆ ಹೋಗಲಾಗಲಿಲ್ಲ, ಈಚೆಗೆ ಬರಲಾಗಲಿಲ್ಲ. ಕೊನೆಗೆ ನಾನೇ ಚಹ ಮಾಡಿದೆ.

ಫಲಿತಾಂಶ ಬಂತು. ಖಾಲಾಳ ಕಾಯಿಲೆ ಆಬಾಸಾಹೇಬರದಕ್ಕಿಂತ ಒಂದು ಕೈ ಮುಂದೆಯೇ ಇದೆ. ಅವಳೊಬ್ಬಳದೇ ಅಲ್ಲ. ಕೈಕೆಲಸ ಮಾಡಿದ ಹೆಂಗಸರೆಲ್ಲರ ವಿಷಯದಲ್ಲಿ ಪಟ್ಟಿಯ ಬೆರಳಿನ ಸಾಲು ಸುಳ್ಳು ಹೇಳಿದೆ. ಬರವಣಿಗೆಯ ಸಾಲು, ಹವ್ಯಾಸದ ಸಾಲು ಅವರ ಪಾಲಿಗೆ ಇದ್ದೂ ಇಲ್ಲದ ಹಾಗೆ. ಡಾಕ್ಟರಿಗೆ ಬಹಳ ಖುಷಿಯಾಗಿದೆ, ಇದನ್ನು ಪ್ರಬಂಧವಾಗಿ ಬರೆದರೆ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬರುತ್ತದೆ ಎನ್ನುತ್ತಾರೆ. ನನ್ನ ಹೆಸರು ಮೊದಲು ಹಾಕುತ್ತಾರಂತೆ.

ಆದರೆ ಟ್ರಸ್ಟಿನವರ ನಿಯಮ ಇನ್ನೂ ಹಳೆಯ ಪಟ್ಟಿಯ ಮೇಲೆಯೇ ನಿಂತಿದೆ. ಪ್ರಬಂಧ ಪ್ರಕಟವಾಗಬೇಕು, ಸಮಿತಿ ಕೂಡಬೇಕು, ಹೊಸ ಸಾಲುಗಳಿಗೆ ಒಪ್ಪಿಗೆ ಸಿಗಬೇಕು. ನಾನು ಕೇಳುತ್ತಲೇ ಇದ್ದೇನೆ.

ಮೇಲೆ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಕ್ಷಮಿಸು, ಬೇರೆ ಹಾಳೆ ತೆಗೆದು ಎಲ್ಲ ಮತ್ತೆ ಬರೆಯುವ ತ್ರಾಣವಿಲ್ಲ.

ನಿನ್ನ
ಉಜ್ವಲಾ


ನಿಪ್ಪಾಣಿ
೮ ಜನವರಿ ೨೦೨೫

ಉಜ್ವಲಾ,

ಹೊಡೆದುಹಾಕಿದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಓದಲಾಗಲಿಲ್ಲ. ಬಹಳ ಒತ್ತಿ ಹೊಡೆದಿದ್ದೀ.

ಅಮ್ಮಿಗೆ ಈಗ ಚಹ ಕುಡಿದರೆ ಕೆಮ್ಮು ಹತ್ತುತ್ತದೆ. ಮೊನ್ನೆ ನನ್ನನ್ನು, ಸತ್ತುಹೋದ ತನ್ನ ತಂಗಿ ಎಂದು ತಿಳಿದು ಮಾತಾಡಿಸಿದಳು. ಹುಸೇನಭಾಯಿ ಈಗ ‘ಏನೂ ತ್ರಾಸ ಇಲ್ಲ’ ಎನ್ನುವುದಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಅಳುತ್ತಾನೆ.

ನನ್ನದು ಒಂದೇ ಪ್ರಶ್ನೆ. ನಿಮ್ಮ ಸಮಿತಿ ಯಾವಾಗ ಕೂಡುತ್ತದೆ?

ಸಾನಿಯಾ


ಬೆಳಗಾವಿ
೨೧ ಆಗಸ್ಟ್ ೨೦೨೫

ಸಾನಿಯಾ, ಸಾನಿಯಾ,

ಆಯಿತು! ನಿನ್ನೆ ಸಮಿತಿ ಕೂಡಿತು. ಪ್ರಬಂಧ ಪ್ರಕಟವಾಗಿತ್ತಲ್ಲ, ಅದನ್ನೇ ಎದುರಿಗಿಟ್ಟುಕೊಂಡು ಮಾತಾಡಿದರು. ಬೆರಳಿನ ಸಾಲಿನ ಜೊತೆ ಇನ್ನು ಯಂತ್ರದ ಅಳತೆಯನ್ನೂ ಹಿಡಿಯುತ್ತಾರೆ. ಹವ್ಯಾಸದ ಸಾಲನ್ನು ತೆಗೆದು, ಮನೆಯ ದಿನದ ಕೆಲಸವನ್ನು ಕೇಳುತ್ತಾರೆ. ಉತ್ತರ ರೋಗಿಯೇ ಕೊಡಬೇಕು. ಹೊಸ ಲೆಕ್ಕದಲ್ಲಿ ಖಾಲಾ ಗೆರೆ ದಾಟಿದ್ದಾಳೆ, ಯಾದಿಯ ಮೊದಲಲ್ಲೇ ಅವಳ ಹೆಸರು!

ಸೆಪ್ಟೆಂಬರ್ ಒಂಬತ್ತಕ್ಕೆ ಕರೆದುಕೊಂಡು ಬಾ. ಆಪರೇಶನ್ ಮಾಡುವ ಡಾಕ್ಟರು ಒಮ್ಮೆ ನೋಡುತ್ತಾರೆ. ಆ ವಾರ ದಿಲ್ಲಿಯಲ್ಲಿ ನನ್ನ ಪ್ರಬಂಧ ಓದುವುದಿದೆ, ತಪ್ಪಿಸಲಾಗುವುದಿಲ್ಲ. ರೂಪೇಶ ಆಸ್ಪತ್ರೆಯ ಬಾಗಿಲಲ್ಲೇ ಇರುತ್ತಾನೆ.

ಇನ್ನಾದರೂ ಫೋನ್ ಎತ್ತುತ್ತೀಯಾ?

ನಿನ್ನವಳೇ ಆದ
ಉಜ್ವಲಾ


ನಿಪ್ಪಾಣಿ
೧೪ ಸೆಪ್ಟೆಂಬರ್ ೨೦೨೫

ಉಜ್ವಲಾ,

ರೂಪೇಶ ಬಾಗಿಲಲ್ಲೇ ಇದ್ದ. ಅಮ್ಮಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಒಯ್ದ.

ಆಪರೇಶನ್ ಡಾಕ್ಟರು ಒಳ್ಳೆಯವರು. ಚಮಚದಲ್ಲಿ ನೀರು ಕುಡಿಸಿ ನೋಡಿದರು. ವರ್ಷ ಯಾವುದು, ಊರು ಯಾವುದು, ಜೊತೆಗೆ ಬಂದವಳು ಯಾರು ಎಂದು ಕೇಳಿದರು. ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: ‘ನುಂಗೂದು ಹೋಗೇತ್ರಿ, ನೆನಪೂ ಹೋಗಾಕತ್ತೈತಿ. ಇಂಥಾವ್ರಿಗೆ ತಂತಿ ಇಟ್ರ ಉಪಯೋಗ ಇಲ್ಲ, ಇದ್ದದ್ದೂ ಕೆಡತೈತಿ. ವರ್ಷ, ಒಂದೂವರಿ ವರ್ಷದ ಹಿಂದ ಕರಕೊಂಡ ಬರಬೇಕಿತ್ತು. ಯಾಕ ಇಷ್ಟ ತಡಾ ಮಾಡಿದ್ರಿ?’

ಯಾಕೆ ತಡ ಮಾಡಿದಿರಿ ಎಂದು ನನ್ನನ್ನು ಕೇಳಿದರು, ಉಜ್ವಲಾ. ರೂಪೇಶ ಗೋಡೆ ನೋಡುತ್ತ ನಿಂತಿದ್ದ.

ಬರುವಾಗ ಅವನು ನಿನ್ನ ಪ್ರಬಂಧದ ಪ್ರತಿ ಕೊಟ್ಟ. ಬಸ್ಸಿನಲ್ಲಿ ಓದಿದೆ. ಚೆನ್ನಾಗಿ ಬರೆದಿದ್ದೀ. ಸಿಟ್ಟಿನಲ್ಲಿ ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿದೆ. ಇನ್ನು ಮುಂದೆ ಅಥಣಿಯ, ಕಾಗವಾಡದ ಹೆಂಗಸರಿಗೆ ಒಳ್ಳೆಯದಾದೀತು. ಅಮ್ಮಿಯನ್ನು ಅದರಲ್ಲಿ ‘ಕೈಯಿಂದ ಸಿಗರೇಟು ಸುತ್ತುತ್ತಿದ್ದ ಮಹಿಳೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೀ. ಅವಳು ಜೀವಮಾನದಲ್ಲಿ ಸಿಗರೇಟು ಮುಟ್ಟಿದವಳಲ್ಲ. ಇರಲಿ, ಹೊರಗಿನವರಿಗೆ ಬೀಡಿ ತಿಳಿಯಬೇಕಲ್ಲ.

ಮನೆಗೆ ಬಂದು ದಿಂಬಿಗೆ ಒರಗಿಸಿ ಕೂರಿಸಿದೆ. ಹೇಳಬೇಕೋ ಬೇಡವೋ ಎನ್ನುತ್ತ ಹೇಳಿದೆ, ‘ಅಮ್ಮಿ, ನಿನ್ನ ಬೆರಳಿನ ಮ್ಯಾಲೆ ಉಜಾಲಾ ದೊಡ್ಡ ಪ್ರಬಂಧ ಬರದಾಳ. ದಿಲ್ಲಿಗೆ ಹೋಗ್ಯಾಳ.’ ನನ್ನ ಹೆಸರು ಈಗ ಅವಳಿಗೆ ಹೊಳೆಯುವುದಿಲ್ಲ. ನಿನ್ನದು ಇನ್ನೂ ಇದೆ.

‘ಉಜಾಲಾ ಪಾಸ್ ಆದ್ಲೇನ ಬೇ?’

‘ಆದ್ಲು ಅಮ್ಮಿ. ಫಸ್ಟ್ ಕ್ಲಾಸ್.’

ಖುಷಿಯಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಕಾಯಿಲೆ ಆ ಮುಖದ ಮೇಲೆ ಏನನ್ನೂ ಉಳಿಸಿಲ್ಲ. ಮುಖಭಾವಕ್ಕೆ ನಿಮ್ಮ ಪಟ್ಟಿಯಲ್ಲಿ ಒಂದು ಸಾಲಿದೆ, ನೀನು ಸೊನ್ನೆ ಬರೆದಿದ್ದೆ. ಒಮ್ಮೆ ಬಂದು ಆ ಮುಖ ನೋಡಿಕೊಂಡು ಹೋಗು. ನಾನು ಮನೆಯಲ್ಲಿದ್ದರೂ ಪರವಾಗಿಲ್ಲ. ಬರುವಾಗ ಪೆನ್ನು ಮಾತ್ರ ತರಬೇಡ. ಕಂ‍ಡರೆ ಬೆರಳು ಆಡಿಸಲು ಶುರು ಮಾಡುತ್ತಾಳೆ, ಆಮೇಲೆ ದಿನವಿಡೀ ಸುಸ್ತಾಗಿ ಬಿದ್ದಿರುತ್ತಾಳೆ.

ಸಾನಿಯಾ